ಕೆಡದ ಮೋಟಾರು

ವೈಪರಿನ ಹೊಸ ಮೋಟಾರಿನ ಡಬ್ಬಿಯ ಮೇಲೆ ಮೂರು ಅಚ್ಚಿನ ತಪ್ಪುಗಳಿದ್ದವು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮನೆಯ ಮುಂದಿನ ಸಿಮೆಂಟಿನ ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿ ಅವನು ಮೊದಲು ಮಾಡಿದ ಕೆಲಸವೆಂದರೆ ಆ ಮೂರನ್ನೂ ಎಣಿಸಿದ್ದು. ಹತ್ತೊಂಬತ್ತು ವರ್ಷ ಮುದ್ರಣಾಲಯದಲ್ಲಿ ಕೂತು ಶಾಲೆಯ ಪಠ್ಯಪುಸ್ತಕಗಳ ಕರಡು ತಿದ್ದಿದ ಕಣ್ಣು ಅದು. ಸಾವಿನ ಸುದ್ದಿಯ ಕಾಗದ ಕೈಗಿತ್ತರೂ ಮೊದಲು ಕಾಗುಣಿತ ನೋಡುತ್ತದೆ, ಆಮೇಲೆ ಯಾರು ಸತ್ತರೆಂದು ನೋಡುತ್ತದೆ. ತಪ್ಪು ಸಿಕ್ಕಿದರೆ ಅವನಿಗೆ ಒಂದು ಸಣ್ಣ ನೆಮ್ಮದಿ ಸಿಗುತ್ತಿತ್ತು. ಇವತ್ತು ಅದೂ ಸಿಗಲಿಲ್ಲ, ಏಕೆಂದರೆ ಡಬ್ಬಿಯನ್ನು ತಂದುಕೊಟ್ಟವನು ಹೆಂಡತಿಯ ಆಸ್ಪತ್ರೆಯ ಕಿವಿಯಂತ್ರದವ. ಗುರುತಿನ ಅಂಗಡಿ, ಅಸಲಿ ಮಾಲು ಎಂದು ಹೇಳಿ ನಿನ್ನೆ ಅವಳ ಕೈಗೆ ಕೊಟ್ಟಿದ್ದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಯೊಳಗೆ ಬಂದಿದ್ದಳು. ಎರಡೂ ಕೈ ಯಾಕೆ ಬೇಕಿತ್ತು? ಅವಳು ಕೈತೊಳೆಯಲು ಹೋದಾಗ ಅವನು ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ್ದ. ಒಂದು ಕೈಗೆ ಧಾರಾಳವಾಗಿ ಆಗುವಷ್ಟೇ ಭಾರ.

ಹಳೆಯ ಮೋಟಾರಿಗೆ ಏನೂ ಆಗಿರಲಿಲ್ಲ. ಈ ಭೂಮಿಯ ಮೇಲೆ ಆ ಸಂಗತಿ ಗೊತ್ತಿದ್ದದ್ದು ಅವನೊಬ್ಬನಿಗೆ. ಮೂರು ವಾರದ ಹಿಂದೆ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ, ಅವಳು ಸ್ನಾನಕ್ಕೆ ಹೋಗಿದ್ದಾಗ, ಇದೇ ಬಾನೆಟ್ ಎತ್ತಿ, ಗಾಜಿನ ಬುಡದ ಕರಿ ಪ್ಲಾಸ್ಟಿಕ್ ಮುಚ್ಚಳದ ಸಂದಿಯಲ್ಲಿ ಕೈ ತೂರಿಸಿ, ವೈಪರಿನ ಮೋಟಾರಿಗೆ ಹೋಗುವ ವೈರಿನ ಪ್ಲಗ್ಗನ್ನು ಅರ್ಧ ಬೆರಳಿನಷ್ಟು ಹಿಂದಕ್ಕೆ ಎಳೆದಿಟ್ಟವನು ಅವನೇ. ಅವನ ಹೆಂಡತಿ ಕೆಲಸ ಮಾಡುವುದು ಕಿವಿಯ ಆಸ್ಪತ್ರೆಯಲ್ಲಿ. ಗಾಜಿನ ಕೋಣೆಯೊಳಗೆ ಜನರನ್ನು ಕೂರಿಸಿ, ಸಣ್ಣ ಸಣ್ಣ ಸದ್ದುಗಳನ್ನು ಕೇಳಿಸಿ, ಯಾರಿಗೆ ಎಷ್ಟು ಕೇಳುತ್ತದೆಂದು ಬರೆದುಕೊಳ್ಳುವುದು ಅವಳ ಕೆಲಸ. ಅದೇ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕಿವಿಗೆ ಹಾಕಿಕೊಳ್ಳುವ ಯಂತ್ರಗಳನ್ನು ರಿಪೇರಿ ಮಾಡುವವನೇ ಕಿವಿಯಂತ್ರದವ. ಆ ಶನಿವಾರ ಇಬ್ಬರೂ ದೂರದ ಶಾಲೆಯೊಂದಕ್ಕೆ ಮಕ್ಕಳ ಕಿವಿ ಪರೀಕ್ಷೆಗೆ ಹೋಗಬೇಕಿತ್ತು, ಅವಳ ಕಾರಿನಲ್ಲಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ನಾಲ್ಕು ಗಂಟೆ ಹೊತ್ತು ಆ ಕಿವಿಯಂತ್ರದವ ಅವಳ ಪಕ್ಕದಲ್ಲಿ ಕೂತಿರುತ್ತಾನೆ. ಮೋಡ ಕವಿದಿತ್ತು, ವೈಪರ್ ಇಲ್ಲದೆ ಅವಳು ಗಾಡಿ ತೆಗೆಯುವವಳಲ್ಲ, ಹೋಗುವುದು ನಿಲ್ಲುತ್ತದೆ. ಇಷ್ಟೇ ಇವನ ಲೆಕ್ಕಾಚಾರ. ಅವಳು ಸ್ವಿಚ್ ಒತ್ತಿದಳು, ಏನೂ ಆಗಲಿಲ್ಲ, ಫೋನು ಮಾಡಿದಳು. ಕಾಲು ಗಂಟೆಯಲ್ಲಿ ಕಿವಿಯಂತ್ರದವ ತನ್ನ ಸ್ವಂತ ಕಾರಿನಲ್ಲಿ ಬಂದಿಳಿದ. ಸ್ಟೇರಿಂಗಿನ ಕೆಳಗೆ ತಲೆ ಹಾಕಿ ನೋಡಿ, "ಫ್ಯೂಸು ಸರಿ ಇದೆ. ಮೋಟಾರೇ ಹೋಗಿರ್ಬೇಕು ಮೇಡಂ. ನನ್ನ ಗಾಡೀಲೇ ಹೋಗೋಣ ಬನ್ನಿ," ಅಂದ. ನಾಲ್ಕು ಗಂಟೆ ನಾಲ್ಕು ಗಂಟೆಯಾಗಿಯೇ ಉಳಿಯಿತು, ಕಾರು ಮಾತ್ರ ಬದಲಾಯಿತು. ಅವತ್ತಿನಿಂದ ನಿನ್ನೆಯ ತನಕ ಮಳೆ ಬಿಟ್ಟಿಲ್ಲ, ಕಿವಿಯಂತ್ರದವ ಅವಳನ್ನು ದಿನಾ ಕರೆದುಕೊಂಡು ಹೋಗಿ ಬಿಡುವುದನ್ನೂ ಬಿಟ್ಟಿಲ್ಲ.

ಪ್ಲಗ್ಗನ್ನು ಯಾವತ್ತು ಬೇಕಾದರೂ ಒತ್ತಿಬಿಡಬಹುದಿತ್ತು. ಎಲ್ಲೋ ಸಡಿಲವಾಗಿತ್ತು ಕಣೇ, ಸರಿಮಾಡಿದೆ ಎಂದು ಹೇಳಿ ದೊಡ್ಡ ಮನುಷ್ಯನೂ ಆಗಬಹುದಿತ್ತು. ಮೊದಲ ವಾರ ಹೆದರಿಕೆಯಿಂದ ಮಾಡಲಿಲ್ಲ. ಆ ಪ್ಲಗ್ಗಿಗೆ ಒಂದು ಕೊಕ್ಕೆಯಿದೆ, ಅದನ್ನು ಒತ್ತಿ ಹಿಡಿದು ಎಳೆಯದೆ ಅದು ಬರುವುದಿಲ್ಲ. ತಾನಾಗಿ ಹೇಗೆ ಬಂತು ಸಾರ್ ಎಂದು ಕಿವಿಯಂತ್ರದವ ಕೇಳಿದರೆ? ಎರಡನೆಯ ವಾರದಿಂದ ಕಾರಣವೇ ಬೇರೆಯಾಗಿತ್ತು. ಸಂಜೆ ಆರರಿಂದ ಕಿಟಕಿಯ ಪರದೆಯ ಹಿಂದೆ ನಿಂತು ಕಾಯುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಕಾರು ಬಂದು ನಿಲ್ಲುತ್ತದೆ. ಅವಳು ಕೂಡಲೇ ಇಳಿಯುವುದಿಲ್ಲ. ಒಂದು ನಿಮಿಷ, ಕೆಲವೊಮ್ಮೆ ನಾಲ್ಕು. ಒಮ್ಮೆ ಏಳು. ಅವಳು ಇಳಿದು ಗೇಟು ತೆರೆಯುವಾಗ ಮುಖದ ಮೇಲೆ ಒಳಗೆ ನಕ್ಕ ನಗುವಿನ ಒಂದು ಚೂರು ಉಳಿದಿರುತ್ತದೆ. ಚಪ್ಪಲಿ ಬಿಡುವಷ್ಟರಲ್ಲಿ ಅದು ಆರಿಹೋಗುತ್ತದೆ, ಮನೆಯೊಳಗೆ ಬರುವವಳು ಸಾದಾ ಹೆಂಗಸು. ಅವನಿಗೆ ಅವಳ ಮೇಲೆ ಅನುಮಾನವಿರಲಿಲ್ಲ. ಅನುಮಾನವಾಗಿದ್ದರೆ ಒಂದು ದಾರಿಯಿತ್ತು, ಕೇಳಬಹುದಿತ್ತು, ಜಗಳವಾಡಬಹುದಿತ್ತು. ಇದು ಬರೀ ಹೊಟ್ಟೆಕಿಚ್ಚು. ಆ ಚೂರು ನಗು ತನಗೆ ಸೇರಿದ್ದಲ್ಲ ಎಂಬ ಉರಿ. ಆದರೆ ಸಂಜೆ ಐದಾಗುತ್ತಿದ್ದಂತೆ ಆ ಉರಿಗಾಗಿಯೇ ಮೈ ಕಾತರಿಸುತ್ತಿತ್ತು, ಹಲ್ಲುನೋವಿನವನು ನಾಲಗೆಯಿಂದ ಅದೇ ಹಲ್ಲನ್ನು ತಡಕುವ ಹಾಗೆ. ಪ್ಲಗ್ ಒತ್ತಿದರೆ ಆ ಕಿಟಕಿಯೂ ಮುಚ್ಚುತ್ತಿತ್ತು. ನಿನ್ನೆ ಡಬ್ಬಿ ಮನೆಗೆ ಬಂದ ಮೇಲೆ ಮಾತ್ರ, ಬೇರೆಯವರ ಕಣ್ಣಿಗೆ ಆ ಪ್ಲಗ್ಗು ಬೀಳಬಾರದೆಂದು, ನಾನೇ ಹಾಕ್ತೀನಿ ಅಂದುಬಿಟ್ಟಿದ್ದ.

"ರೀ, ಶುರು ಮಾಡಿದ್ರಾ?" ಅವಳು ಮೊಣಕಾಲೆತ್ತರದ ಸ್ಟೂಲು ತಂದು ಕಾರಿನ ಪಕ್ಕದಲ್ಲಿಟ್ಟು ಕೂತಳು. ಕೈಯಲ್ಲಿ ಒಂದು ಹಳೆಯ ಸ್ಟೀಲ್ ಬಟ್ಟಲು. "ನಟ್ಟುಗಳನ್ನೆಲ್ಲ ಇದರಲ್ಲಿ ಹಾಕಿ. ಆಮೇಲೆ ಒಂದು ಉಳೀತು ಅಂತ ಹುಡುಕೋದು ಬೇಡ." ಅವನು ಹೂಡಿದ್ದ ಉಪಾಯವೇ ಬೇರೆ. ಅವಳು ಒಳಗೆ ಪೇಪರ್ ಓದುತ್ತ ಕೂತಿರುತ್ತಾಳೆ. ತಾನು ಪ್ಲಗ್ ಒತ್ತಿ, ಎರಡು ಗಂಟೆ ಸ್ಪ್ಯಾನರುಗಳ ಸದ್ದು ಮಾಡಿ, ಹೊಸ ಮೋಟಾರನ್ನು ಹಳೆಯದೆಂದು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆಯುವುದು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನ ಯಾವ ಕೆಲಸದ ಪಕ್ಕದಲ್ಲೂ ಅವಳು ಸ್ಟೂಲು ಹಾಕಿ ಕೂತವಳಲ್ಲ. "ನೀನ್ಯಾಕೆ ಕೈ ಮಸಿ ಮಾಡ್ಕೋತೀಯಾ, ಒಳಗೆ ಹೋಗು," ಅಂದ. "ನಂಗೂ ನೋಡ್ಬೇಕು. ನೀವು ಮಾಡ್ತೀನಿ ಅಂದಿದ್ದೇ ಹೆಚ್ಚು," ಅಂದಳು. ಹೊಗಳಿದಳೋ ಹಂಗಿಸಿದಳೋ ಅವನಿಗೆ ತಿಳಿಯಲಿಲ್ಲ. ಏನೂ ಕೆಡದ ಮೋಟಾರನ್ನು ಬಿಚ್ಚಿ ತೆಗೆಯದೆ ಈಗ ಬೇರೆ ದಾರಿಯಿರಲಿಲ್ಲ.

ವೈಪರಿನ ಎರಡು ಕಡ್ಡಿಗಳ ಬುಡದ ನಟ್ಟು ಬಿಚ್ಚಿಕೊಂಡಿತು, ಕಡ್ಡಿ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಂಟು ವರ್ಷದ ಧೂಳು ತುಕ್ಕು ಕಚ್ಚಿಕೊಂಡಿತ್ತು. ಅವನು ಜಗ್ಗಿದ, ಆಚೀಚೆ ತಿರುಗಿಸಿದ, ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಅವನ ತಾಯಿ ಅಲ್ಲಿಂದಲೇ, "ಏನಾಯ್ತೋ?" ಎಂದು ಕೂಗಿದಳು. "ಏನಿಲ್ಲಮ್ಮ." "ಆ ಹುಡುಗನ್ನ ಕರೀಬಾರದೇನೋ? ಅವನ ಕೈಗೆ ಏನು ಕೊಟ್ಟರೂ ಮಾತಾಡುತ್ತೆ." ಐದು ವರ್ಷ ಮಗ ಕಿವಿಯ ಹತ್ತಿರ ಬಂದು ಕೂಗಿದರೂ ಹಾಂ, ಹಾಂ ಎನ್ನುತ್ತಿದ್ದ ತಾಯಿಗೆ ಕಿವಿಯಂತ್ರದವ ಒಂದು ಮಧ್ಯಾಹ್ನ ಬಂದು, ಹುರುಳಿಕಾಳಿನಷ್ಟು ಯಂತ್ರವನ್ನು ಕಿವಿಯೊಳಗೆ ಕೂರಿಸಿ, ಪಿಸುದನಿಯಲ್ಲಿ ಅಮ್ಮಾ ಅಂದಿದ್ದ. ತಾಯಿ ಅತ್ತುಬಿಟ್ಟಿದ್ದಳು. ಹೆಂಡತಿಯ ಕಣ್ಣಲ್ಲೂ ನೀರು. ಸುಮ್ಮನೆ ನಿಂತಿದ್ದವನು ಇವನೊಬ್ಬನೇ, ಮುಖದ ಮೇಲೆ ಯಾವ ಭಾವ ಇಟ್ಟುಕೊಳ್ಳಬೇಕೆಂದು ತಿಳಿಯದೆ. ಐದು ವರ್ಷ ಕೂಗಿದವನು ನಾನು, ಒಂದು ಸಲ ಪಿಸುಗುಟ್ಟಿ ಗೆದ್ದವನು ಅವನು. ಅವತ್ತಿನಿಂದ ಈ ಮನೆಯಲ್ಲಿ ಅವನ ವಿರುದ್ಧ ಒಂದು ಮಾತಾಡುವ ಹಾಗಿಲ್ಲ.

"ಸ್ವಲ್ಪ ಬಿಸಿನೀರು ಹಾಕಿ ನೋಡೋಣ್ವಾ?" ಎಂದು ಅವಳು ಒಳಗೆ ಹೋಗಿ ಕೆಟಲ್ ಹಿಡಿದುಕೊಂಡು ಬಂದಳು. ನಿಧಾನವಾಗಿ ಬುಡಕ್ಕೆ ಸುರಿದಳು. ಅವನು ಮತ್ತೊಮ್ಮೆ ಜಗ್ಗಿದಾಗ ಕಡ್ಡಿ ಸರಕ್ಕನೆ ಕಿತ್ತು ಬಂತು, ಅವನು ಹಿಂದಕ್ಕೆ ಮುಗ್ಗರಿಸಿ ಅಂಗಳದಲ್ಲಿ ಕೂತುಬಿಟ್ಟ. ಅವಳು ನಕ್ಕಳು. ಹಲ್ಲು ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು. ಅವನಿಗೂ ನಗು ಬಂತು. ಎರಡನೆಯ ಕಡ್ಡಿಗೆ ಅವಳೇ ಕೈಕೊಟ್ಟಳು. ಅವಳ ಭುಜ ಅವನ ಭುಜಕ್ಕೆ ಒತ್ತಿತು, ಒತ್ತಿಕೊಂಡೇ ಇತ್ತು. ಮುಚ್ಚಳ ತೆಗೆದದ್ದು, ಒಳಗಿನ ಕಬ್ಬಿಣದ ಚೌಕಟ್ಟಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದ್ದು, ಅವಳು ಬಟ್ಟಲನ್ನು ಕೆಳಗೆ ಹಿಡಿದದ್ದು, ನಟ್ಟು ಬಿದ್ದಾಗಲೆಲ್ಲ ಟಣ್ ಎಂದದ್ದು. ಗಂಟೆ ಹತ್ತಾಯಿತು, ಹನ್ನೊಂದಾಯಿತು. ಹೀಗೂ ಇರಬಹುದಾಗಿತ್ತು ಎಂದು ಅವನಿಗೆ ಅನ್ನಿಸಿತು. ಏನಾದರೊಂದು ಕೆಟ್ಟು, ಇಬ್ಬರೂ ಸೇರಿ ಬಿಚ್ಚಿ ಜೋಡಿಸುತ್ತ ಇರಬಹುದಾಗಿತ್ತು. ಅರ್ಧ ಕಳಚಿಕೊಂಡು ನಿಂತಿದ್ದ ಪ್ಲಗ್ಗು ಕೈಗೆ ಸಿಕ್ಕಿದಾಗ ಅವನು ಮೈಯನ್ನು ಅಡ್ಡ ತಂದು, ಅವಳಿಗೆ ಕಾಣದ ಹಾಗೆ, ಅದನ್ನು ಪೂರ್ತಿ ಎಳೆದ. ಆ ಕ್ಷಣ ಅವನಿಗೆ ನಾಚಿಕೆಯಾಯಿತು. ಮಾಡಿದ್ದಕ್ಕಲ್ಲ, ಮಾಡಿದ್ದರಿಂದ ಇಷ್ಟು ಸುಖ ಸಿಕ್ಕಿತಲ್ಲ ಎಂದು.

ಹೊಸ ಮೋಟಾರಿನ ಜೊತೆ ನಾಲ್ಕು ಮಡಿಕೆಯ ಸೂಚನೆಯ ಕಾಗದವಿತ್ತು. "ಓದಿ ರೀ ಒಂದ್ಸಲ," ಎಂದಳು. ಅವನು ಓದಿದ. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ, ಎರಡು ಸಲ. ಒಂದು ಕಡೆ ಪೂರ್ಣವಿರಾಮ ಬಿದ್ದಿಲ್ಲ, ಒಂದು ಕಡೆ ಪದವೇ ಎರಡು ಸಲ ಬಂದಿದೆ, ಆರನೆಯ ಸೂಚನೆಗೆ ಐದೆಂದೇ ಅಂಕಿ. ಜೇಬಿನ ಪೆನ್ನು ತೆಗೆದು ಅಂಚಿನಲ್ಲಿ ಗುರುತು ಹಾಕಿ, ಮಡಚಿ ಅವಳಿಗೆ ಕೊಟ್ಟ. "ಏನಂತೆ?" "ಏನಿಲ್ಲ. ತೆಗೆದ ಹಾಗೇ ಹಾಕೋದು." ಹತ್ತೊಂಬತ್ತು ವರ್ಷ ಅವನು ಓದಿದ್ದೇ ಹೀಗೆ. ಅಕ್ಷರ ಕಾಣುತ್ತದೆ, ಹೇಳಿದ್ದು ತಲೆಗೆ ಇಳಿಯುವುದಿಲ್ಲ. ಇಳಿಯತೊಡಗಿದರೆ ತಪ್ಪು ಕಣ್ತಪ್ಪಿಸಿಕೊಳ್ಳುತ್ತದೆ. ಹೊಸ ಮೋಟಾರನ್ನು ಕೂರಿಸಿ, ಅದರ ತುದಿಗೆ ಕಡ್ಡಿಗಳನ್ನು ಆಡಿಸುವ ಗಿಡ್ಡ ತೋಳನ್ನು ಬಿಗಿದು, ಚೌಕಟ್ಟು, ಮುಚ್ಚಳ, ಕಡ್ಡಿ ಎಲ್ಲ ಹಾಕಿ, ಬಟ್ಟಲು ಖಾಲಿಯಾಯಿತೆಂದು ಅವಳು ತಲೆಕೆಳಗು ಮಾಡಿ ತೋರಿಸಿದಳು. ಒಂದೂ ಉಳಿದಿರಲಿಲ್ಲ. ಅವನು ಒಳಗೆ ಕೂತು ಸ್ವಿಚ್ ಒತ್ತಿದ. ಅವಳು ಚೊಂಬಿನಲ್ಲಿ ಗಾಜಿಗೆ ನೀರು ಎರಚಿದಳು. ಕಡ್ಡಿಗಳು ಎದ್ದವು, ಗಾಜಿನ ಮೇಲೆ ಹೋಗುವ ಬದಲು ಕೆಳಗೆ ಬಾನೆಟ್ಟಿನ ಅಂಚಿಗೆ ಫಟ್ಟೆಂದು ಬಡಿದು, ಒಂದಕ್ಕೊಂದು ಕತ್ತರಿ ಹಾಕಿಕೊಂಡು ನಿಂತವು.

ಅವನು ಆರಿಸಿ ಇಳಿದು ಬರುವಷ್ಟರಲ್ಲಿ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. "ಹೌದು, ಉಲ್ಟಾ ಹೋಗ್ತಿದೆ. ತೊಂದ್ರೆ ಇಲ್ಲ ಅಂದ್ರೆ... ಐದೇ ನಿಮಿಷ ಬಂದು ಹೋಗಿ." "ನಾನೇ ನೋಡ್ತಿದ್ನಲ್ಲ," ಎಂದ ಅವನು. ಅವನ ದನಿ ಅವನಿಗೇ ಹಟಮಾರಿ ಮಗುವಿನದ್ದಾಗಿ ಕೇಳಿತು. "ನೋಡಿ. ಯಾರು ಬೇಡ ಅಂದ್ರು? ಅವರು ಬರೋ ತನಕ ನೋಡಿ," ಎಂದು ಅವಳು ಮುಖ ತೊಳೆಯಲು ಒಳಗೆ ಹೋದಳು. ಮೂರು ಗಂಟೆ ನನ್ನ ಜೊತೆ ಮಸಿ ಮುಖದಲ್ಲೇ ಕೂತಿದ್ದವಳು! ಅವನು ಸ್ಟೂಲಿನ ಮೇಲೆ ಕೂತು, ಕತ್ತರಿ ಹಾಕಿಕೊಂಡ ಕಡ್ಡಿಗಳನ್ನು ದಿಟ್ಟಿಸಿದ.

ಕಿವಿಯಂತ್ರದವ ಮನೆಯ ಚಪ್ಪಲಿಯಲ್ಲೇ ಬಂದ. ಗೇಟಿನಲ್ಲೇ, "ಅಮ್ಮಾ, ಕೇಳಿಸ್ತಿದೆಯಾ?" ಎಂದು ಮೆಲ್ಲಗೆ ಅಂದ. ಜಗಲಿಯಿಂದ ತಾಯಿ, "ಚೆನ್ನಾಗಿ ಕೇಳ್ಸುತ್ತಪ್ಪ!" ಎಂದಳು. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಇವನು ಪಡಬಾರದ ಕಷ್ಟಪಟ್ಟು ಹಾಕಿದ್ದ ಮುಚ್ಚಳವನ್ನು ನೋಡಿ, "ಸಾರ್, ಬಾಕಿ ಎಲ್ಲಾ ಬಹಳ ನೀಟಾಗಿ ಮಾಡಿದೀರ," ಅಂದ. ಆ ಬಾಕಿ ಎನ್ನುವ ಮಾತು ಇವನ ಮೈಯೆಲ್ಲ ಪರಚಿತು. "ಒಂದೇ ವಿಷ್ಯ. ತೋಳು ಬಿಗಿಯೋ ಮುಂಚೆ ಮೋಟಾರನ್ನ ಖಾಲಿ ಓಡಿಸ್ಬೇಕು. ಆರಿಸಿದಾಗ ಅದು ತನ್ನ ಜಾಗಕ್ಕೆ ಬಂದು ನಿಲ್ಲುತ್ತೆ. ಆಮೇಲೆ ತೋಳು ಬಿಗಿದ್ರೆ ಆಯ್ತು. ಕಾಗದದಲ್ಲಿ ಬರೆದಿರ್ತಾರೆ." ಅವಳು ಕಾಗದ ಬಿಡಿಸಿದಳು. ಬರೆದಿತ್ತು. ಆ ಸಾಲಿನ ಪಕ್ಕದಲ್ಲೇ ಇವನ ಪೆನ್ನಿನ ಗುರುತೂ ಇತ್ತು, ಪೂರ್ಣವಿರಾಮ ಬೇಕೆಂದು. ಅವಳು ಅದನ್ನು ನೋಡಿದಳು, ಇವನನ್ನು ನೋಡಿದಳು, ಕಾಗದ ಮಡಚಿದಳು. ನಕ್ಕಿದ್ದರೂ ಆಗುತ್ತಿತ್ತು.

ಮತ್ತೆ ಬಿಚ್ಚಿ ಸರಿಯಾಗಿ ಕೂರಿಸುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಕಡ್ಡಿಗಳು ಗಾಜಿನ ಮೇಲೆ ವಿಧೇಯವಾಗಿ ಹೋಗಿ ಬಂದವು. ಅವಳು ಚಪ್ಪಾಳೆ ತಟ್ಟಿದಳು, ಯಾರಿಗೆಂದು ಇವನು ಕೇಳಿಕೊಳ್ಳಲಿಲ್ಲ. ಮುಗಿಯಿತು, ನಾಳೆಯಿಂದ ಅವಳು ತನ್ನ ಕಾರಿನಲ್ಲಿ ಹೋಗುತ್ತಾಳೆ, ನಿನ್ನ ಕೆಲಸ ಮುಗಿಯಿತು ನಡೆ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದಾಗ ಕಿವಿಯಂತ್ರದವ ನೆಲದ ಮೇಲಿದ್ದ ಹಳೆಯ ಮೋಟಾರನ್ನು ಕೈಗೆತ್ತಿಕೊಂಡ. "ಎಸೆಯೋ ಮುಂಚೆ ಒಂದ್ಸಲ ನೋಡಿಬಿಡೋಣ ಸಾರ್. ನಮ್ಮ ಕೆಲಸದಲ್ಲಿ ಅದು ಅಭ್ಯಾಸ. ಕೆಟ್ಟಿದೆ ಅಂತ ಬಂದದ್ದು ಅರ್ಧಕ್ಕರ್ಧ ಕೆಟ್ಟಿರಲ್ಲ." ಇವನು ಮೋಟಾರಿಗೆ ಕೈ ಚಾಚಿದ. "ಬೇಡ ಬಿಡಿ, ಹೊತ್ತಾಯ್ತು," ಅನ್ನುವಷ್ಟರಲ್ಲಿ ಅವನು ಎರಡು ತುಂಡು ವೈರು ತೆಗೆದು ಕಾರಿನ ಬ್ಯಾಟರಿಗೆ ಮುಟ್ಟಿಸಿದ್ದ. ಹಳೆಯ ಮೋಟಾರು ಅವನ ಅಂಗೈ ಮೇಲೆ ಸುಯ್ಯೆಂದು ತಿರುಗಿತು. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಆರೋಗ್ಯವಾಗಿ ತಿರುಗಿತು.

ಕಿವಿಯಂತ್ರದವ ಮೋಟಾರನ್ನು ನೋಡಿದ. ಆಮೇಲೆ ಅದರ ಪ್ಲಗ್ ಕೂರುವ ಬಾಯನ್ನು ತಿರುಗಿಸಿ ನೋಡಿದ. ಒಳಗಿನ ಪಿನ್ನು ಅರ್ಧದಷ್ಟು ಹೊಳಪಾಗಿತ್ತು, ಮೂರು ವಾರ ಗಾಳಿಗೆ ತೆರೆದಿದ್ದ ಉಳಿದರ್ಧ ಮಂಕಾಗಿತ್ತು. ಆಮೇಲೆ ಇವನನ್ನು ನೋಡಿದ. ಗೊತ್ತಾಯಿತು. ಎಲ್ಲವೂ ಗೊತ್ತಾಯಿತು, ಯಾಕೆ ಎನ್ನುವುದೂ ಸೇರಿ. ಇವನು ಕಣ್ಣು ತಪ್ಪಿಸಲಾರದೆ ನಿಂತ. ಈಗ ಹೇಳುತ್ತಾನೆ. ಅವಳು ಎರಡು ಅಡಿ ದೂರದಲ್ಲಿದ್ದಾಳೆ, ಜಗಲಿಯಲ್ಲಿ ಅಮ್ಮ ಇದ್ದಾಳೆ. ಹೇಳಲಿ, ಇನ್ನೇನು. ಕಿವಿಯಂತ್ರದವ ವೈರು ತೆಗೆದ. "ತಿರುಗುತ್ತೆ, ಆದ್ರೆ ಸದ್ದು ಸರಿ ಇಲ್ಲ ಮೇಡಂ," ಎಂದ, ಇವನ ಮುಖ ನೋಡುತ್ತಲೇ. "ಒಳಗಡೆ ಸವೆದಿದೆ. ಬದಲಾಯ್ಸಿದ್ದು ಒಳ್ಳೇದಾಯ್ತು." ಮೋಟಾರನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಬರ್ತೀನಮ್ಮಾ ಎಂದು ಜಗಲಿಗೆ ಹೇಳಿ ಹೊರಟ. ನೀರಾದರೂ ಕುಡಿದು ಹೋಗಿ ಎಂದು ಅವಳು ಕರೆದರೂ ನಿಲ್ಲಲಿಲ್ಲ. ಇವನಿಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನಷ್ಟು ಉರಿ. ಕೊನೆಗೆ ದೊಡ್ಡತನವನ್ನೂ ಅವನೇ ಹೊತ್ತುಕೊಂಡು ಹೋದನಲ್ಲ!

ಕಾರಿನ ಸದ್ದು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ಅವಳು ಗೇಟಿನಲ್ಲೇ ನಿಂತಿದ್ದಳು. ತಿರುಗಿ ಬಂದಾಗ ಅವಳ ಮುಖದಲ್ಲಿ ಯಾವ ನಗುವಿನ ಚೂರೂ ಇರಲಿಲ್ಲ.

"ಅವರು ಸುಳ್ಳು ಹೇಳಿದ್ರು," ಅಂದಳು.

"ಏನು?"

"ಆ ಮೋಟಾರಿಗೆ ಏನೂ ಆಗಿಲ್ಲ ರೀ. ಸದ್ದು ಅಳೆಯೋದೇ ದಿನಾ ನನ್ನ ಕೆಲಸ. ಒಂದಿಷ್ಟೂ ಗರಗರ ಇರಲಿಲ್ಲ. ಹೊಸದೂ ಹಳೇದೂ ಒಂದೇ ಸದ್ದು. ನನಗೇ ಗೊತ್ತಾಗತ್ತೆ, ಅವರಿಗೆ ಗೊತ್ತಾಗಲ್ವಾ?" ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ಮೋಟಾರು ಹೋಗಿದೆ ಅಂತ ಮೊದಲು ಅಂದವರೂ ಅವರೇ. ನನ್ನ ಗಾಡೀಲಿ ಬನ್ನಿ ಅಂದವರೂ ಅವರೇ. ಇವತ್ತು ಕಣ್ಣೆದುರಿಗೆ ತಿರುಗಿದ್ರೂ ಸವೆದಿದೆ ಅಂದ್ರು." ತಲೆಯೆತ್ತಿ ಅವನ ಕಡೆ ನೋಡಿದಳು. "ನೀವು ಬಿಚ್ಚಿದ್ರಲ್ಲ. ಅವರು ತಿರುಗಿಸಿ ನೋಡಿದ್ರಲ್ಲ, ಆ ಪ್ಲಗ್ಗು ಸಡಿಲ ಇತ್ತಾ? ನಿಜ ಹೇಳಿ."

ನಿಜ ಹೇಳಬೇಕಂತೆ. ಅವನ ಗಂಟಲಿನ ತನಕ ಎಲ್ಲವೂ ಬಂತು. ಆ ಶನಿವಾರದ ಬೆಳಿಗ್ಗೆ, ಬಚ್ಚಲಿನಲ್ಲಿ ನೀರು ಬೀಳುವ ಸದ್ದು, ಕೊಕ್ಕೆ ಒತ್ತಿದ ಹೆಬ್ಬೆರಳು.

"ಸಡಿಲ ಇತ್ತು," ಎಂದ.

ಆ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ನೋಡಿದ್ರಾ," ಎಂದಳು ಅವಳು. "ಒತ್ತಿದ್ರೆ ಸರಿ ಹೋಗ್ತಿತ್ತು. ಅಷ್ಟು ತಿಳಿಯದವರಾ ಅವರು? ಬೇಕಂತಲೇ ಬಿಟ್ಟರು. ಮೂರು ವಾರ ದಿನಾ ಪಕ್ಕದಲ್ಲಿ ಕೂತ್ಕೊಂಡು ಬಂದೆನಲ್ಲ ನಾನು. ಮನೆ ವಿಷಯ, ನಿಮ್ಮ ವಿಷಯ, ಎಲ್ಲಾ ಹೇಳ್ಕೊಂಡೆ. ಎಷ್ಟು ಒಳ್ಳೇವರು ಅಂದ್ಕೊಂಡಿದ್ದೆ." ಹೇಳುತ್ತ ಹೇಳುತ್ತ ದನಿ ಒಡೆಯಿತು. "ನಾಳೆಯಿಂದ ಆ ಮನುಷ್ಯನ ಮುಖ ನೋಡಲ್ಲ ನಾನು." ಮಸಿ ಇನ್ನೂ ಹೋಗಿರದ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಸದ್ದು ಅಡಗಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಭುಜ ಅಲುಗಿತು, ಬಿಕ್ಕು ಬಂತು. ಜಗಲಿಯಿಂದ ತಾಯಿ, "ಯಾರೋ ಅಳೋದು?" ಎಂದು ಕೇಳಿದಳು.

ಅವನು ಬಯಸಿದ್ದೆಲ್ಲ ಸಿಕ್ಕಿತ್ತು. ಇನ್ನು ಆ ಕಾರು ಬರುವುದಿಲ್ಲ. ಗೆದ್ದವನು ಅಂಗಳದಲ್ಲಿ ಎರಡೂ ಕೈ ಜೋತುಬಿಟ್ಟು ನಿಂತಿದ್ದ. ಹೇಳಿಬಿಡಬೇಕು, ಈಗಲೇ, ಆ ಮನುಷ್ಯನ ತಪ್ಪೇನೂ ಇಲ್ಲ, ಎಳೆದವನು ನಾನು ಅನ್ನಬೇಕು ಎಂದುಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬಾಯಿ ತೆರೆದ. ಅವಳ ಬೆರಳ ಸಂದಿಯಿಂದ ಕಣ್ಣೀರು ಮಸಿಯ ಜೊತೆ ಮೊಣಕೈಯ ತನಕ ಇಳಿದಿತ್ತು. ಈ ಹದಿನಾಲ್ಕು ವರ್ಷಗಳಲ್ಲಿ ಅವನು ಸುಳ್ಳು ಹೇಳಿದ್ದಿದೆ, ಮಾತು ಬಿಟ್ಟು ತಿಂಗಳುಗಟ್ಟಲೆ ಮುಖ ಊದಿಸಿಕೊಂಡದ್ದಿದೆ, ಇನ್ನೂ ಕೀಳಾದದ್ದನ್ನು ಮಾಡಿ ಸಿಕ್ಕಿಬಿದ್ದದ್ದಿದೆ. ಅವಳು ಬೈದಿದ್ದಳು, ಬಾಗಿಲು ಹಾಕಿಕೊಂಡಿದ್ದಳು, ಒಮ್ಮೆ ತಟ್ಟೆ ಎಸೆದಿದ್ದಳು, ಒಮ್ಮೆಯೂ ಹೀಗೆ ಅತ್ತಿರಲಿಲ್ಲ. ಈಗ ಹೇಳಿದರೂ ಬೈಯುತ್ತಾಳೆ, ಬಹುಶಃ ಬಿಟ್ಟೂ ಹೋದಾಳು. ಆದರೆ ನನಗಾಗಿ ಹೀಗೆ ಅಳುತ್ತಾಳೆಯೇ? ಅವನು ತೆರೆದ ಬಾಯಿ ಮುಚ್ಚಿಕೊಂಡ.